ಅಕ್ಕ ನಂಬಿದ ಒಂದು ‘ಹೂಂ’

ಪ್ರಪಂಚದಲ್ಲಿ ‘ಹೂಂ’ ಎಂಬ ಮಾತನ್ನು ಕಂಡರಾಗದ ಹೆಂಗಸು ಯಾರಾದರೂ ಇದ್ದರೆ ಅದು ನಮ್ಮಕ್ಕ! “ಊಟ ಆಯ್ತಾ?” ಎನ್ನುತ್ತಾಳೆ. ನೀವು ಹೂಂ ಎನ್ನುತ್ತೀರಿ. ಅಲ್ಲಿಗೆ ಸುಮ್ಮನಾಗುತ್ತಾಳೆಯೇ? ಅಡುಗೆಮನೆಗೆ ಹೋಗಿ ತಟ್ಟೆ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿ ಬರುತ್ತಾಳೆ!

ತಪ್ಪು ಅವಳದಲ್ಲ, ಅವಳ ಕಸುಬಿನದು. ಕಾರ್ಖಾನೆಯ ಮೋಟರುಗಳಿಗೆ ಡ್ರೈವ್ ಹೊಂದಿಸುವುದು ಅವಳ ಕೆಲಸ. ಡ್ರೈವ್ ಎಂದರೆ ಮೋಟರಿನ ಪಕ್ಕ ಗೋಡೆಗೆ ಕೂರಿಸುವ ಪೆಟ್ಟಿಗೆ. ಮೋಟರು ಯಾವಾಗ ಏಳಬೇಕು, ಎಷ್ಟು ಜೋರಾಗಿ ತಿರುಗಬೇಕು ಎಂದು ನೋಡಿಕೊಳ್ಳುವ ಮೇಸ್ತ್ರಿ. ಅದರೊಳಗೆ ಎರಡು ರಿಜಿಸ್ಟರ್, ಎಂದರೆ ಅಂಕಿ ಬರೆದಿಡುವ ಖಾನೆ. ಕಂಟ್ರೋಲ್ ರಿಜಿಸ್ಟರಿನಲ್ಲಿ ನಾವು ‘ಓಡು’, ‘ನಿಲ್ಲು’ ಎಂದು ಬರೆಯಬೇಕು. ಸ್ಟೇಟಸ್ ರಿಜಿಸ್ಟರಿನಲ್ಲಿ ಅದು ‘ಓಡುತ್ತಿದ್ದೇನೆ’, ‘ಕೆಟ್ಟು ಕೂತಿದ್ದೇನೆ’ ಎಂದು ಹೇಳುತ್ತದೆ. ಬರೆದದ್ದೆಲ್ಲ ಆಗಿಯೇ ಹೋಯಿತು ಎಂದು ನಂಬುವವನು ಕತ್ತೆ ಎಂಬುದು ಅಕ್ಕನ ಸಿದ್ಧಾಂತ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೇ ಇಷ್ಟು ಗೊತ್ತಿದೆ ಎಂದರೆ ಅವಳು ಎಷ್ಟು ಕೊರೆದಿರಬೇಡ!

ಅವಳ ಮದುವೆಯ ದಿನ ಚರ್ಚಿನಲ್ಲಿ ಭಾವ ಗಂಭೀರವಾಗಿ “ಒಪ್ಪಿದ್ದೇನೆ” ಎಂದರು. ಫಾದರ್ ಮುಂದಿನ ಪ್ರಾರ್ಥನೆಗೆ ಪುಟ ತಿರುವುತ್ತಿದ್ದರು. ಅಕ್ಕ ಮುಸುಕಿನೊಳಗಿಂದಲೇ, “ಅಂದಿದ್ದು ಕೇಳಿಸ್ತು ಕಣ್ರೀ. ಒಪ್ಪಿದ್ದೀರಾ?” ಎಂದಳು. ಮೈಕು ಆನ್ ಆಗಿತ್ತು! ಇವತ್ತಿಗೂ ವಿಜಯನಗರದ ಮನೆಯಲ್ಲಿ ಗೀಸರ್ ಹಾಕಿದ ಭಾವ, “ಕೆಂಪು ದೀಪ ಹತ್ತಿದೆ, ನೀರು ಕಾಯ್ತಾ ಇದೆ” ಎಂದು ಬಚ್ಚಲಿಂದ ಕೂಗಿ ವರದಿ ಒಪ್ಪಿಸುತ್ತಾರೆ, ಪಾಪ.

ನಜರ್‌ಬಾದಿನಲ್ಲಿ ನನ್ನದೊಂದು ಫ್ಲೋರ್ ಮಿಲ್ ಇದೆ. ಮೊದಲೆಲ್ಲ ನನ್ನ ಮೋಟರು ಎದ್ದರೆ ಪಕ್ಕದ ಟೈಲರ್ ಅಂಗಡಿಯ ದಾರದುಂಡೆಗಳು ರಸ್ತೆಗೆ ಉರುಳುತ್ತಿದ್ದವು! ಅಕ್ಕ ಬಂದು ಡ್ರೈವ್ ಕೂರಿಸಿ, ಲ್ಯಾಪ್‌ಟಾಪ್ ಬಿಚ್ಚಿ ರಿಜಿಸ್ಟರುಗಳನ್ನು ಹೊಂದಿಸಿದಳು. ಅಂದಿನಿಂದ ಮೋಟರು ಹಬ್ಬಕ್ಕೆ ಬಂದ ಅಳಿಯನಂತೆ ನಿಧಾನಕ್ಕೆ ಏಳತೊಡಗಿತು. ನನ್ನ ಪಾಲಿಗೆ ಒಂದು ‘ಓಡು’ ಸ್ವಿಚ್ಚು, ಕೆಟ್ಟು ನಿಂತ ಡ್ರೈವನ್ನು ಮತ್ತೆ ಸಜ್ಜು ಮಾಡಲು ಒಂದು ರೀಸೆಟ್ ಗುಂಡಿ. ಜೊತೆಗೆ ಒಂದು ಪಾಠ.

“ಸ್ವಿಚ್ ಹಾಕಿದ್ಮೇಲೆ ಏನ್ ಮಾಡ್ಬೇಕೋ?”

“ರಾಗಿ ಸುರೀಬೇಕಕ್ಕ.”

“ಥೂ ಕತ್ತೆ! ಓಡ್ತಾ ಇದೆಯಾ ಅಂತ ಓದ್ಬೇಕು ಕಣೋ. ಕೆಟ್ಟು ನಿಂತ್ರೆ ಮೊದಲು ‘ಓಡು’ ತೆಗೀಬೇಕು, ಆಮೇಲೆ ರೀಸೆಟ್. ಇಲ್ದಿದ್ರೆ ರೀಸೆಟ್ ಆದ ತಕ್ಷಣ ಎದ್ದು ಓಡ್ಬುಡುತ್ತೆ. ರೀಸೆಟ್ಟೂ ಅಷ್ಟೆ, ಒಂದು ಸಲ ಒತ್ತು, ಕೈ ತೆಗಿ. ಬಿಟ್ರೆ ಸೊನ್ನೆ, ಒತ್ತಿದ್ರೆ ಒಂದು. ಸೊನ್ನೆಯಿಂದ ಒಂದಕ್ಕೆ ಹೋಗೋದು ಮಾತ್ರ ಅದಕ್ಕೆ ಕಾಣೋದು.”

“ಒತ್ಕೊಂಡೇ ಇದ್ರೆ?”

“ಸಾಯಂಕಾಲದವರೆಗೂ ಒತ್ಕೊಂಡಿರು. ನಿನ್ನ ಕಡೆ ತಿರುಗೂ ನೋಡಲ್ಲ!”

ಈಸ್ಟರ್ ಹಿಂದಿನ ದಿನ ಮಿಲ್ಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಅಕ್ಕಿಹಿಟ್ಟಿಗೆ ಬಂದಿದ್ದಳು. ಅದೇ ಹೊತ್ತಿಗೆ ಬೆಲ್ಟು ಜಾರಿ ಸಿಕ್ಕಿಹಾಕಿಕೊಂಡು, ಡ್ರೈವ್ ‘ಕೆಟ್ಟು ಕೂತಿದ್ದೇನೆ’ ಎಂದು ಮೋಟರು ನಿಂತಿತು. ಬೆಲ್ಟು ಬಿಡಿಸಲು ಸೆರಗು ಸಿಕ್ಕಿಸಿಕೊಂಡು ಅವಳೇ ಮೆಷಿನ್ ಹಿಂದಕ್ಕೆ ನುಗ್ಗಿದಳು.

“ಏನ್ರೀ, ಹಿಟ್ಟು ನಾಳೆ ಹಬ್ಬಕ್ಕೋ, ಬರೋ ವರ್ಷದ ಹಬ್ಬಕ್ಕೋ?” ಎಂದು ಒಬ್ಬ ಗಿರಾಕಿ ಚುಚ್ಚಿದ. ಎಲ್ಲರೂ ನಕ್ಕರು.

ಹಿಂದಿನಿಂದ ಅಕ್ಕನ ದನಿ: “‘ಓಡು’ ತೆಗ್ದಿದ್ದೀಯೇನೋ?”

“ಹೂಂ!” ಎಂದೆ.

ತೆಗೆದಿರಲಿಲ್ಲ. ತೆಗೆದರಾಯಿತು ಎಂದುಕೊಂಡು ಹೂಂ ಎಂದು, ಗಿರಾಕಿಗೆ ಉತ್ತರ ಕೊಡುವ ಗಡಿಬಿಡಿಯಲ್ಲಿ ರೀಸೆಟ್ ಒತ್ತಿಬಿಟ್ಟೆ.

ಅಕ್ಕನ ಕೈ ಬೆಲ್ಟಿನಲ್ಲಿದ್ದಾಗಲೇ ಮೋಟರು ಎದ್ದಿತು. ನಿಧಾನಕ್ಕೆ ಏಳಲಿ ಎಂದು ಅವಳೇ ಹೊಂದಿಸಿದ್ದರಿಂದ ಕೈ ಉಳಿಯಿತು. ಎರಡು ಬೆರಳು ಮುರಿದವು. ತಟ್ಟೆ ಮುಟ್ಟಿ ನೋಡುವ ಹೆಂಗಸು, ಮದುವೆ ಪೀಠದ ಮುಂದೆ ಗಂಡನನ್ನೇ ನಂಬದ ಹೆಂಗಸು, ಬಂದು ಪರೀಕ್ಷಿಸದೆ ನಂಬಿದ್ದು ಒಂದೇ ಒಂದು ಹೂಂ. ಅದು ನನ್ನದು.

ಆಮೇಲೆ ನಾನು ಕ್ಷಮೆ ಕೇಳಿದ್ದೇ ಕೇಳಿದ್ದು! ಬೆಳಿಗ್ಗೆ ಫೋನು, ಮಧ್ಯಾಹ್ನ ಫೋನು. ಫೋನೆತ್ತಿದ ಭಾವನಿಗೂ ಒಂದು ಕ್ಷಮೆ. ಪಾಪನಿವೇದನೆಗೆ ಹೋದಾಗಲೆಲ್ಲ ಇದನ್ನೇ ಒಪ್ಪಿಸಿ ಒಪ್ಪಿಸಿ, ಕೊನೆಗೆ ಫಾದರ್, “ಇದೊಂದು ಬಿಟ್ಟು ಬೇರೆ ಪಾಪ ಏನಾದ್ರೂ ಮಾಡಿದ್ರೆ ಹೇಳಪ್ಪ” ಎಂದುಬಿಟ್ಟರು! ಮಿಲ್ಲಿಗೆ ಬೀಗ ಹಾಕಿದ್ದೆ.

ಇವತ್ತು ಬೆಳಿಗ್ಗೆ ಅಕ್ಕ ತಾನಾಗಿಯೇ ಬಂದಳು! ಕೈಗೆ ಪಟ್ಟಿ ಇಲ್ಲ. ಕಿರುಬೆರಳು ಮಾತ್ರ ಇನ್ನೂ ಮಡಚುವುದಿಲ್ಲ. “ಬೀಗ ತೆಗಿಯೋ” ಎಂದಳು. ತೆಗೆದೆ. ಅಭ್ಯಾಸಬಲ ನೋಡಿ, “ತಪ್ಪಾಯ್ತಕ್ಕ” ಎಂದೆ.

“ರೀಸೆಟ್ ಒತ್ಕೊಂಡೇ ಇದ್ರೆ ಏನಾಗುತ್ತೋ?”

“ಏನೂ ಆಗಲ್ಲಕ್ಕ.”

“ಮತ್ತೆ? ಈಸ್ಟರ್‌ನಿಂದ ಒತ್ಕೊಂಡೇ ಇದ್ದೀಯಲ್ಲೋ! ನೀನು ಮೊದಲನೇ ಸಲ ತಪ್ಪಾಯ್ತು ಅಂದಾಗ್ಲೇ ಆಗೋಯ್ತು. ಕೈ ತೆಗಿ, ಸಾಕು ಬುಡು.”

ಅವಳು ಬೆಲ್ಟು ಸರಿಮಾಡಲು ಸೆರಗು ಸಿಕ್ಕಿಸಿಕೊಂಡು ಮೆಷಿನ್ ಹಿಂದಕ್ಕೆ ಹೋದಳು.

“‘ಓಡು’ ತೆಗ್ದಿದ್ದೀಯೇನೋ?”

ಸ್ವಿಚ್ಚು ನೋಡಿದೆ. ತೆಗೆದಿತ್ತು. ಡ್ರೈವ್ ಏನು ಹೇಳುತ್ತಿದೆ ಎಂದು ಓದಿದೆ. ನಿಂತಿತ್ತು. ಮೇನ್ ಸ್ವಿಚ್ಚನ್ನೂ ಆರಿಸಿ, ಆರಿದೆಯೇ ಎಂದು ಮತ್ತೆ ನೋಡಿದೆ.

“ಹೂಂ, ಅಕ್ಕ.”

ಅವಳು ಬಂದು ನೋಡುತ್ತಾಳೆ ಎಂದು ಕಾದೆ. ಬರಲಿಲ್ಲ. ಮೆಷಿನ್ ಸಂದಿಯಿಂದ ಇಣುಕಿದರೆ, ಆ ಮಡಚದ ಬೆರಳಿನ ಕೈ ಆಗಲೇ ಬೆಲ್ಟಿನೊಳಗಿತ್ತು.