ಅನ್ಸೆಲ್ಮ್ ಕೋಟೆ ಗೆದ್ದ ದಿನ

ಮಾಂಸದಂಗಡಿಯ ಉಂಬೇರನ ಹೊಟ್ಟೆ ಒಂದೇ ವರ್ಷದಲ್ಲಿ ಅಷ್ಟು ಬೆಳೆಯದಿದ್ದರೆ ಅನ್ಸೆಲ್ಮ್ ಗ್ರೋಜಾನ್ ತನ್ನ ಪಾಡಿಗೆ ತಾನಿರುತ್ತಿದ್ದ. ಮುತ್ತಿಗೆ ಹಬ್ಬದ ಬೆಳಿಗ್ಗೆ ಉಂಬೇರ್ ಪ್ರಷ್ಯದ ಸೇನಾಪತಿಯ ಕೋಟು ತೊಟ್ಟು ಒಮ್ಮೆ ಉಸಿರೆಳೆದ. ಗುಂಡಿಗಳೆಲ್ಲ ಹುರಿಯುವ ಜೋಳದ ಹಾಗೆ ಸಿಡಿದು ಗೋಡೆಗೆ ಬಡಿದವು.

ಮೊಂಬ್ರಿಸ್ ಊರಿಗೆ ಮುತ್ತಿಗೆ ಹೊಸದಲ್ಲ. ಯಾವನೋ ದೊರೆ ಗಡಿ ಕಾಯಲೆಂದು ಕಟ್ಟಿಸಿದ ಕೋಟೆ. ಆಮೇಲೆ ಈ ದಾರಿಯಲ್ಲಿ ಬಂದವರೆಲ್ಲ ಅದರ ಮೇಲೆ ಒಂದು ಕೈ ನೋಡಿಯೇ ಹೋಗಿದ್ದರು. ಈಗಲೂ ಹಿತ್ತಲಲ್ಲಿ ಆಲೂಗಡ್ಡೆ ಅಗೆದರೆ ಮೊದಲು ಕೈಗೆ ಸಿಗುವುದು ಫಿರಂಗಿ ಗುಂಡು. ಆದರೂ ಊರು ಹಬ್ಬ ಮಾಡುವುದು ಪ್ರಷ್ಯದ ಸೈನ್ಯ ಹಾಕಿದ ೧೮೭೦ರ ಮುತ್ತಿಗೆಗೆ. ಆಗ ಒಳಗೆ ಬ್ರೆಡ್ಡು ಮುಗಿದು, ಕೋಟೆಯ ದಳಪತಿ ಬಿಳಿ ಬಾವುಟ ಹಿಡಿದು ಹೊರಬಂದು, ಮಂಡಿಯೂರಿ ಕತ್ತಿ ಒಪ್ಪಿಸಿದ್ದ.

ಪ್ರತಿವರ್ಷವೂ ಹಬ್ಬದ ನಾಟಕದಲ್ಲಿ ಆ ದಳಪತಿ ನಮ್ಮ ಅನ್ಸೆಲ್ಮನೇ. ರೈಲ್ವೆ ಗಾರ್ಡ್ ಆಗಿ ನಿವೃತ್ತನಾದವನು. ಜೋಲುಬಿದ್ದ ಹೆಗಲು, ಜೋಲುಬಿದ್ದ ಮೀಸೆ. ಅವನ ಮುಖ ನೋಡಿದರೆ ಯಾರಿಗಾದರೂ ಸೋಲು ನೆನಪಾಗುತ್ತಿತ್ತು. "ಏನಪ್ಪಾ, ಇವತ್ತು ಯಾರಿಗೆ ಶರಣಾದೆ?" ಎಂದು ವರ್ಷವಿಡೀ ಕೇಳಿಸಿಕೊಂಡು ಅವನಿಗೆ ಸಾಕುಸಾಕಾಗಿತ್ತು.

"ಗ್ರೋಜಾನ್ ಅವರೇ," ಎಂದರು ಮೇಯರ್ ಮದಾಮ್ ಪೆರ್ನೆ, "ಈ ಕೋಟು ಇನ್ಯಾರಿಗೂ ಆಗಲ್ಲ. ಇವತ್ತೊಂದಿನ ನೀವೇ ಪ್ರಷ್ಯದೋರಾಗಿ."

"ಅಂದ್ರೆ... ನಾನು ಗೆಲ್ತೀನಾ?"

"ಗೆಲ್ಲಲೇಬೇಕಲ್ಲ. ಆಗಿದ್ದೇ ಹಾಗೆ."

ದಳಪತಿಯ ವೇಷ ಬೇಕರಿಯ ಫಿರ್ಮಾನನ ಪಾಲಾಯಿತು.

ಅನ್ಸೆಲ್ಮ್ ಗೆಲುವಿನ ವೇಷದಲ್ಲೇ ಮನೆಗೆ ಓಡಿದ. ಹೆಂಡತಿ ಕ್ಲೋದಿನ್ ಹೊಸ್ತಿಲಲ್ಲೇ ತಡೆದಳು. "ಈ ಶತ್ರು ಬಟ್ಟೇಲಿ ಒಳಗೆ ಕಾಲಿಟ್ರೆ ನೋಡಿ! ಗೋಡೆ ಮೇಲಿನ ಫೋಟೋದಿಂದ ನಮ್ಮಜ್ಜ ನೋಡ್ತಿದ್ದಾರೆ."

ಹಿಂತಿರುಗುವಾಗ ಮಾಡಿಯ ಕಿಟಕಿಯಿಂದ ಓದಿಲ್ ಅಜ್ಜಿ ಪಾತ್ರೆ ತೊಳೆದ ನೀರು ಸುರಿದಳು.

"ಅಜ್ಜೀ, ನಾನು ಅನ್ಸೆಲ್ಮ್!"

"ಗೊತ್ತು ಕಣಯ್ಯಾ. ಹೋದ್ವರ್ಷ ಕೋಟೆ ಬಿಟ್ಕೊಟ್ಟೋನೂ ನೀನೇ ಅಲ್ವಾ?" ಎಂದು ಉಳಿದ ನೀರನ್ನೂ ಸುರಿದಳು.

ಮೂಗಿನವರೆಗೆ ಜಾರುವ ಶಿರಸ್ತ್ರಾಣ, ಹೆಂಡದಂಗಡಿ ಕಂಡಲ್ಲೆಲ್ಲ ನಿಲ್ಲುವ ಕುದುರೆ, ಬೆನ್ನ ಹಿಂದೆ ಫುಟ್‌ಬಾಲ್ ಸಂಘದಿಂದ ಕರೆತಂದ ಸೈನ್ಯ. ಅಂತೂ ಮಧ್ಯಾಹ್ನಕ್ಕೆ ಅನ್ಸೆಲ್ಮ್ ಕೋಟೆ ಬಾಗಿಲು ತಲುಪಿದ. ನಗಾರಿ ಬಾರಿಸಿದರು. ಬಾಗಿಲು ತೆರೆಯಲಿಲ್ಲ.

ಗೋಡೆಯ ಮೇಲೆ ಫಿರ್ಮಾನ್ ಕಾಣಿಸಿಕೊಂಡ.

"ಏಯ್ ಫಿರ್ಮಾನ್, ಬಾವುಟ ಎಲ್ಲೋ?"

"ಯಾವ ಬಾವುಟ? ನಾನಿರೋ ತನಕ ಈ ಕೋಟೆ ಬಿಟ್ಕೊಡಲ್ಲ!"

ಇಷ್ಟು ವರ್ಷವೂ ಈ ಮಾತಿಗಾಗಿಯೇ ಕಾದಿದ್ದವರ ಹಾಗೆ ಜನ ಬೊಬ್ಬೆ ಹೊಡೆದರು. ಟೋಪಿಗಳು ಹಾರಿದವು. ಮುದುಕರು ಅಳತೊಡಗಿದರು.

"ಬ್ರೆಡ್ಡಿಲ್ದೆ ಸೋತಿದ್ದು ಕಣೋ ನೀವು!" ಎಂದು ಅನ್ಸೆಲ್ಮ್ ಕೆಳಗಿನಿಂದ ಕೂಗಿದ.

"ನಾನು ಬೇಕರಿಯೋನು! ನನ್ನ ಕೋಟೇಲಿ ಬ್ರೆಡ್ಡಿಗೆ ಬರವಾ?" ಎನ್ನುತ್ತ ಫಿರ್ಮಾನ್ ನಿನ್ನೆಯ ಬ್ರೆಡ್ಡುಗಳನ್ನು ಒಂದೊಂದಾಗಿ ಬೀಸಿದ. ಮೂರನೆಯದು ಸೇನಾಪತಿಯ ಕಿವಿಗೆ ಬಿತ್ತು. ಕಲ್ಲಿನಂತಿತ್ತು.

ಒಳಗಿನಿಂದ ಹಬ್ಬದೂಟದ ಸಾಸೇಜು ಹುರಿಯುವ ಘಮ ಬರುತ್ತಿತ್ತು. ಅನ್ಸೆಲ್ಮ್ ತಿರುಗಿ ನೋಡುವಷ್ಟರಲ್ಲಿ ಪ್ರಷ್ಯದ ಸೈನ್ಯ ಪಕ್ಕದ ಕಿರುಬಾಗಿಲಿನಿಂದ ಒಬ್ಬೊಬ್ಬರಾಗಿ ಒಳಗೆ ನುಸುಳಿಯಾಗಿತ್ತು. ಬಿಸಿಲಲ್ಲಿ ಅವನೂ ಕುದುರೆಯೂ ಮಾತ್ರ ಉಳಿದರು. ಇಬ್ಬರಿಗೂ ಹಸಿವು.

ಗೋಡೆಯಿಂದ ಮೇಯರ್ ಬಗ್ಗಿ ಕೂಗಿದರು: "ಏನಾದ್ರೂ ಮಾಡಿ ಮುಗಿಸ್ರೀ, ಸೂಪು ಆರಿಹೋಗ್ತಿದೆ!"

ಅನ್ಸೆಲ್ಮ್ ನಿಟ್ಟುಸಿರುಬಿಟ್ಟ. ಕುದುರೆಯಿಂದಿಳಿದು, ಕರವಸ್ತ್ರ ತೆಗೆದು ಕತ್ತಿಯ ತುದಿಗೆ ಕಟ್ಟಿ, ಎಂದಿನಂತೆ ಮಂಡಿಯೂರಿದ. ಬಾಗಿಲು ತೆರೆಯಿತು. ಫಿರ್ಮಾನನನ್ನು ಜನ ಹೆಗಲ ಮೇಲೆ ಹೊತ್ತುಕೊಂಡು ಹೋದರು.

ಮದಾಮ್ ಪೆರ್ನೆ ಅನ್ಸೆಲ್ಮನ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡರು. "ಮುಂದಿನ ವರ್ಷದಿಂದ ಹೀಗೇ ಮಾಡೋಣ, ಗ್ರೋಜಾನ್. ನೀವು ಯಾವ ಕಡೆಯೋರಾದ್ರೂ ಸರಿ, ಸೋಲೋಕೆ ಮಾತ್ರ ನೀವೇ ಬೇಕು!"

ಅನ್ಸೆಲ್ಮ್ ಸೂಪಿನ ಸಾಲಿನ ಕೊನೆಗೆ ಹೋಗಿ ನಿಂತ. ಮುಂದೆ ಅವನದೇ ಸೈನ್ಯ ಎರಡನೇ ಸಲ ಬಡಿಸಿಕೊಳ್ಳುತ್ತಿತ್ತು.