ಅರ್ಧ ಕಣದ ಕೋಚು

ನನ್ನ ಗಂಡನ ತಂಗಿಯನ್ನು ಹೆಣ್ಣು ಎಂದವರು ಯಾರು? ಅವಳು ಏಣಿ! ನಾನು ಮದುವೆಯಾಗಿ ಬಲಸಮುದ್ರಕ್ಕೆ ಬಂದ ದಿನವೇ, ಅಟ್ಟದ ಮೇಲಿದ್ದ ಉಪ್ಪಿನಕಾಯಿ ಜಾಡಿಯನ್ನು ನಿಂತಲ್ಲಿಂದಲೇ ಕೈ ಚಾಚಿ ಇಳಿಸಿಕೊಟ್ಟಳು. ಆಗ ಅವಳಿಗೆ ಹದಿನಾರು. "ಇದ್ನ ಯಾರಿಗ್ ಕಟ್ಲವ್ವಾ, ತೆಂಗಿನ್ ಮರಕ್ಕಾ?" ಎಂದು ನಮ್ಮತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಮಧುಗಿರಿಯ ಹಾಸ್ಟೆಲಿನಲ್ಲಿ ಓದುವಾಗ ಅವಳಿಗೆ ಬ್ಯಾಸ್ಕೆಟ್‌ಬಾಲ್ ಅಂಟಿಕೊಂಡಿತು. ಅದೇನು ಆಟವೋ ಎಂದು ಹೋಗಿ ನೋಡಿದೆ. ತಳವಿಲ್ಲದ ಬುಟ್ಟಿಗೆ ಚೆಂಡು ಹಾಕುತ್ತಾರೆ, ಅದು ಕೆಳಗೆ ಬೀಳುತ್ತದೆ, ಬಿದ್ದಿದ್ದಕ್ಕೆ ಕುಣಿಯುತ್ತಾರೆ! ತಳ ಹೋದ ಬುಟ್ಟಿಯನ್ನು ನಾವು ಒಲೆಗೆ ಹಾಕುತ್ತೇವೆ. ಆದರೆ ಸುಳ್ಳು ಹೇಳಬಾರದು. ಎಗರಿದವಳು ಇಳಿಯುವುದನ್ನೇ ಮರೆತಂತೆ ಕಾಣುತ್ತಿದ್ದಳು. ಅವಳ ಹಿಂದಿದ್ದ ಬೆಟ್ಟವೇ ಸಣ್ಣದಾಗಿ ಕಂಡಿತು ಎಂದರೆ ನಂಬುತ್ತೀರಾ? ನಂಬಬೇಡಿ, ಬಿಡಿ.

ರಜೆಗೆ ಬಂದರೆ ಅಡುಗೆಮನೆಯೂ ಆಟದ ಬಯಲೇ. ಒಂದು ಮಧ್ಯಾಹ್ನ ಒಲೆಯ ಪಕ್ಕದಿಂದಲೇ ಅಣ್ಣನ ಗಂಗಳಕ್ಕೆ ರಾಗಿಮುದ್ದೆ ಎಸೆದಳು. ಗುರಿ ತಪ್ಪಲಿಲ್ಲ. ಸಾರು ಮಾತ್ರ ನನ್ನ ಗಂಡನ ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. "ಸರಿಯಾಗಿ ಬಿತ್ತಲ್ಲಣ್ಣಾ, ಇನ್ನೇನ್ ಬೇಕು?" ಎಂದಳು!

ಅವಳನ್ನು ನೋಡಲು ಕೊರಟಗೆರೆಯಿಂದ ಒಬ್ಬ ಗಂಡು ಬಂದ. ಅವಳ ಭುಜದವರೆಗಿದ್ದ. ಕಾಫಿ ಲೋಟ ಕೊಟ್ಟು ಕೇಳಿದಳು: "ರೀ, ಎಗರಿದ್ರೆ ನನ್ ಕಿವಿ ಮುಟ್ತೀರಾ?" ಕಾಫಿ ಅರ್ಧ ಉಳಿಯಿತು, ಸಂಬಂಧ ಪೂರ್ತಿ ಹೋಯಿತು!

ಆಮೇಲೆ ರಾಜ್ಯದ ತಂಡಕ್ಕೆ ಆಡಿದಳು. ಒಂದು ದಿನ ಮಂಡಿ ತಿರುಚಿಕೊಂಡು ಬಿದ್ದಳು. ಆಟ ಅಲ್ಲಿಗೆ ಮುಗಿಯಿತು. ಅಳುತ್ತಾಳೆಂದು ನಾನು ಕಾದೆ. ಅವಳೋ ಸೀಟಿ ನೇತುಹಾಕಿಕೊಂಡು ಶಿರಾ, ಮಧುಗಿರಿ ಎಂದು ಊರೂರಿನ ಮಕ್ಕಳಿಗೆ ಕೋಚಾಗಿ ಹೊರಟೇಬಿಟ್ಟಳು. "ತಾಳಿ ಇರ್ಬೇಕಾದ್ ಕುತ್ಗೇಲಿ ಪೀಪಿ!" ಎಂದು ಅತ್ತೆ ಸಾಯುವತನಕ ಹೇಳಿದರು.

ನಿವೃತ್ತಳಾಗಿ ಊರಿಗೆ ಬಂದವಳು ಮಾಡಿದ್ದೇನು? ಸೋಲಾರ್ ಕಂಪನಿಗೆ ಗುತ್ತಿಗೆ ಕೊಟ್ಟು ಉಳಿದ ಹೊಲದ ಪಕ್ಕದಲ್ಲಿ ನಮ್ಮ ಹಳೆಯ ಕಣವಿತ್ತು. ಅದಕ್ಕೆ ಸಿಮೆಂಟು ಹಾಕಿಸಿ, ಎರಡು ತುದಿಗೂ ಕಂಬ ನೆಡಿಸಿ, ಬುಟ್ಟಿ ಕಟ್ಟಿಸಿ, ಊರ ಹೆಣ್ಣುಮಕ್ಕಳನ್ನು ಕುಣಿಸಲು ಶುರುಮಾಡಿದಳು.

"ಶೂ ಹಾಕ್ಕಂಡ್ ಕಣ ತುಳೀಬ್ಯಾಡ್ರೇ, ಲಕ್ಷ್ಮಿ ಎದ್ದೋಯ್ತಾಳೆ!" ಎಂದು ಕೂಗಿದೆ.

"ಲಕ್ಷ್ಮೀನೂ ಶೂ ಹಾಕ್ಕಂಡ್ ಬರ್ಲಿ ಅತ್ಗೆ, ಟೀಮಿಗೆ ಒಬ್ಳು ಕಮ್ಮಿ ಅವ್ಳೆ!"

ಕಡಲೆಕಾಯಿ ಕಿತ್ತ ಮೇಲೆ ನಿಜವಾದ ಜಗಳ ಹುಟ್ಟಿತು. ಕಣದಲ್ಲಿ ಕಾಯಿ ಒಣಗಿಸದೆ ಚೆಂಡು ಒಣಗಿಸುತ್ತಾರೆಯೇ? ಪಡುವಲ ಅರ್ಧಕ್ಕೆ ಕಾಯಿ ಹರಡಿ, ಕೋಲು ಹಿಡಿದು ಕೂತೆ. ಒಂದು ಕಾಯಿ ತುಳಿದರೂ ಸಾಕು, ತುಳಿದವಳ ಏಳು ತಲೆಮಾರಿಗೂ ಬೈಗುಳ! ಮಕ್ಕಳು ಮೂಡಲ ಅರ್ಧದಲ್ಲೇ, ಮೂಡಲ ಬುಟ್ಟಿಗೇ ಹಾಕಿ ಹಾಕಿ ಕಲಿತರು.

"ಮಧುಗಿರೀಲಿ ಮ್ಯಾಚೈತೆ ಅತ್ಗೆ, ಪೂರ್ತಿ ಕಣ ಬೇಕು" ಎಂದು ಗೋಗರೆದಳು.

"ಗೆದ್ಕಂಡ್ ಬಾ, ಪೂರ್ತಿ ಕೊಡ್ತೀನಿ. ಸೋತ್ರೆ ಇಡೀ ಕಣ ನನ್ ಕಾಯಿಗೆ. ನಿನ್ ಆಟ ಬಂದ್!"

ಒಪ್ಪಿಕೊಂಡಳು. ಮ್ಯಾಚಿನ ದಿನ ನಾನೂ ಬಸ್ಸು ಹತ್ತಿದೆ. ಅವಳು ಸೋಲುವುದನ್ನು ಕಣ್ಣಾರೆ ನೋಡಬೇಡವೇ?

ಅಲ್ಲಿಯೂ ಒಂದು ಬುಟ್ಟಿ ಮೂಡಲಿಗೆ, ಒಂದು ಪಡುವಲಿಗೆ. ಮೊದಲರ್ಧ ನಮ್ಮ ಮಕ್ಕಳದು ಮೂಡಲ ಬುಟ್ಟಿ. ಹಾಕಿದ್ದೇ ಹಾಕಿದ್ದು! ಬಿಡುವಾದ ಮೇಲೆ ಬುಟ್ಟಿ ಅದಲುಬದಲು ಮಾಡಬೇಕಂತೆ, ಪಡುವಲದ್ದು ನಮ್ಮದಾಯಿತು. ಅಲ್ಲಿಂದ ನಮ್ಮವರ ಕಾಲು ತಡವರಿಸತೊಡಗಿತು. ಕೊನೆಯ ಗಳಿಗೆಯಲ್ಲಿ ಎರಡೂ ಕಡೆ ಸಮ. ಚೆಂಡು ನಮ್ಮೂರಿನ ಗಿಡ್ಡ ಹುಡುಗಿಯ ಕೈಗೆ ಸಿಕ್ಕಿತು. ಬಾಣದ ಹಾಗೆ ಓಡಿ, ಎಗರಿ, ಬುಟ್ಟಿಗೆ ಹಾಕಿಯೇಬಿಟ್ಟಳು. ಎಂಥ ಚೆಂದ! ಸೋಲಲಿ ಎಂದು ಬಂದಿದ್ದ ನಾನೇ ಎದ್ದು ಚಪ್ಪಾಳೆ ತಟ್ಟಿದೆ.

"ಕುತ್ಕಳಜ್ಜೀ, ಅದು ಮೂಡ್ಲ ಬುಟ್ಟಿ. ನಿಮ್ಮೋರ್ ಮೇಲೆ ನಿಮ್ಮೋರೇ ಹಾಕ್ಕಂಡವ್ರೆ!" ಎಂದಳು ಪಕ್ಕದ ಹೆಂಗಸು.

ಆ ಒಂದು ಬುಟ್ಟಿಯಲ್ಲೇ ಸೋತೆವು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. "ಆ ಕಡೀಕೆ ಕಾಲೇ ಹೋಗಲ್ಲ ಮಿಸ್. ಕಾಯಿ ತುಳಿದ್ರೆ ಅಜ್ಜಿ ಬೈತಾಳೆ ಅನ್ಸ್‌ಬುಡ್ತದೆ."

ನನ್ನ ನಾದಿನಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಬುಡು ಮಗ, ಚೆನ್ನಾಗ್ ಎಗರಿದೆ" ಎಂದು ಅವಳ ಬೆನ್ನು ಸವರಿದಳು. ಬಸ್ಸಿನಲ್ಲೂ ಮಕ್ಕಳ ಮಧ್ಯೆಯೇ ಹೋಗಿ ಕೂತಳು. ನನ್ನನ್ನು ಬೈದಿದ್ದರೆ ನಾನೂ ತಿರುಗಿಸಿ ಬೈಯುತ್ತಿದ್ದೆ.

ಮರುದಿನ ಬೆಳಗ್ಗೆ ಕಣಕ್ಕೆ ಹೋದರೆ ಅವಳು ಆಗಲೇ ಅಲ್ಲಿದ್ದಳು. ಮಡಿಸಲಾಗದ ಕಾಲನ್ನು ನೀಡಿಕೊಂಡು ನೆಲದ ಮೇಲೆ ಕೂತು, ನನ್ನ ಕಾಯಿಯನ್ನು ಮೂಡಲ ಬುಟ್ಟಿಯ ಕೆಳಗೆ ತನ್ನ ಕೈಯಾರೆ ಹರಡುತ್ತಿದ್ದಳು. ಮಕ್ಕಳೆಲ್ಲ ಬೇಲಿಯಾಚೆ ಸಾಲಾಗಿ ನಿಂತಿದ್ದರು.

"ಏನೇ ಇದು?"

"ಸೋತ್ವಲ್ಲ ಅತ್ಗೆ. ಮಾತು ಅಂದ್ರೆ ಮಾತು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. "ಕಾಯಿ ಹರಡಕ್ಕೂ ಬರಲ್ಲ ನಿಂಗೆ, ಏಳೇ ಮೇಲೆ!" ಎಂದು ಪೊರಕೆ ತಂದು, ಮೂಡಲದ್ದು, ಪಡುವಲದ್ದು ಎಲ್ಲವನ್ನೂ ಗುಡಿಸಿ ಚೀಲಕ್ಕೆ ತುಂಬಿದೆ. ಮನೆಯ ಮಾಳಿಗೆಯ ಮೇಲೇನು ಬಿಸಿಲಿಗೆ ಬರವೇ?

"ಏನ್ ನೋಡ್ತಾ ನಿಂತಿದ್ದೀರಾ? ಬರ್ರೇ, ಪಡುವಲ ಕಡೀಕೂ ಬರ್ರೇ!" ಎಂದು ಮಕ್ಕಳನ್ನು ಕರೆದೆ.

ಒಬ್ಬಳೂ ಅಲುಗಾಡಲಿಲ್ಲ. ನನ್ನ ಬಾಯಿಯನ್ನು ನಂಬುವವರು ಯಾರು? ಕೊನೆಗೆ ನಾನೇ ಬೇಲಿಯತನಕ ಹೋಗಿ, ಆ ಗಿಡ್ಡ ಹುಡುಗಿಯ ಕೈ ಹಿಡಿದು ಕರೆತಂದು, ಪಡುವಲ ಬುಟ್ಟಿಯ ಕೆಳಗೆ ನಿಲ್ಲಿಸಿದೆ. ನನ್ನ ನಾದಿನಿ ಕಂಬ ಹಿಡಿದುಕೊಂಡು ಮೆಲ್ಲಗೆ ಎದ್ದು, ಚೆಂಡನ್ನು ಅವಳಿಗೆ ಎಸೆದಳು.