ಹುಟ್ಟುತ್ತಲೇ ಹಳೆಯದಾದ ಬೋರ್ಡು

ದಪ್ಪ ಅಕ್ಷರ ಕಂಡರೆ ಕರಗಿಬಿಡುವ ದೌರ್ಬಲ್ಯ ನನ್ನದು. ಸಣಕಲು ಅಕ್ಷರದಲ್ಲಿ ನಿಜವನ್ನೇ ಬರೆದರೂ ನಂಬಲು ಮನಸ್ಸಾಗುವುದಿಲ್ಲ. ದಪ್ಪಗೆ ಅಚ್ಚಾದ ಸುಳ್ಳಿಗೆ ಎದ್ದು ನಿಂತು ಕೈ ಮುಗಿಯುತ್ತೇನೆ. ಹಾಗೆಂದು ಹಳೆಯ ಕಾಲವನ್ನು ಕೊಂಡಾಡುವವನಲ್ಲ. ನೆನಪು ಎಂಬುದು ಎದುರಿಗೆ ಕುಳಿತವರ ಮುಖ ನೋಡಿ ಕಥೆ ಬದಲಿಸುತ್ತದೆ ಎಂದು ಉದ್ದನೆಯ ಪ್ರಬಂಧ ಬರೆದವನು. ಓದಿದವರು ಯಾರೆಂದು ಮಾತ್ರ ಕೇಳಬೇಡಿ.

ನನ್ನ ಹೆಂಡತಿ ಸುನಂದಾ ನರ್ಸ್ ಕೆಲಸದಿಂದ ನಿವೃತ್ತಳಾಗಿ ಕಾಳಿನ ಮಾರುಕಟ್ಟೆಯಾದ ಗಾಂಧಿ ಗಂಜಿನಲ್ಲಿ ಜೋಳದ ರೊಟ್ಟಿಯ ಅಂಗಡಿ ತೆರೆದಳು. ತಾನೇ ಜಾಗ ಹುಡುಕಿದಳು, ಮನ್ನಳ್ಳಿಯಿಂದ ಜೋಳ ತರಿಸಿದಳು, ರೊಟ್ಟಿ ಬಡಿಯುವ ಹೆಣ್ಣುಮಕ್ಕಳನ್ನು ಸೇರಿಸಿದಳು. ಇದೊಂದು ಪೂರ್ತಿ ತನ್ನದು ಎಂದು ಅವಳಿಗೆ ಹೆಮ್ಮೆ. ನನಗೆ ಬಿಟ್ಟುಕೊಟ್ಟದ್ದು ಬೋರ್ಡು ಮಾತ್ರ. ಎರಡು ಕಾಳಿನ ಅಂಗಡಿಗಳ ನಡುವಿನ ಇಕ್ಕಟ್ಟಾದ ಬಾಗಿಲು. ಅದಕ್ಕೆ ತಕ್ಕ ಫಾಂಟನ್ನೇ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದೆ. ಔರಾದಿನ ಬಸ್ಸಿನಲ್ಲಿ ಭುಜಕ್ಕೆ ಭುಜ ಒತ್ತಿ ನಿಂತವರಂಥ ಎತ್ತರದ, ದಪ್ಪನೆಯ ಅಕ್ಷರಗಳು. ಒಂದೊಂದರ ತುದಿಗೂ ಇಟ್ಟಿಗೆಯಂಥ ಪಾದ. ನಿಜಾಮನ ಕಾಲದ ಅಚ್ಚುಕೂಟದಿಂದ ನೇರ ಎದ್ದು ಬಂದಂತಿತ್ತು. ಸಾಲದ್ದಕ್ಕೆ ಬೋರ್ಡಿನ ಅಂಚುಗಳನ್ನು ಉಪ್ಪು ಕಾಗದದಿಂದ ಉಜ್ಜಿ ಸವೆಸಿದೆ. 'ಜೋಳದ ರೊಟ್ಟಿ ಅಂಗಡಿ' ಎಂದಷ್ಟೇ ಬರೆಸಿದೆ. ಅವಳ ಹೆಸರು ಸೇರಿಸಿದರೆ ಹಳೆಯ ಕಳೆ ಕೆಡುತ್ತದೆಂದು ಬಿಟ್ಟೆ.

ಬೋರ್ಡು ತನ್ನ ಕೆಲಸ ಶುರು ಮಾಡಿತು. ಭಾಲ್ಕಿಯ ಒಬ್ಬ ವ್ಯಾಪಾರಿ ಮೊದಲ ತುತ್ತಿಗೇ, ಹಿಂದಿನ ರುಚಿ ಹಾಗೇ ಉಳಿಸಿಕೊಂಡಿದ್ದೀರಿ ಎಂದು ಮೆಚ್ಚಿದ. ಇನ್ನೊಬ್ಬರು, ನಡುವೆ ಕೆಲವು ವರ್ಷ ಮುಚ್ಚಿತ್ತಲ್ಲವೇ ಎಂದು ವಿಚಾರಿಸಿದರು. ಸುನಂದಾ ಹಲ್ಲು ಕಚ್ಚಿಕೊಂಡು ಬಡಿಸುತ್ತಿದ್ದಳು. ಕೊನೆಗೆ ಔರಾದಿನಿಂದ ಬಂದ ಮುದುಕರೊಬ್ಬರು ರೊಟ್ಟಿ ಮುರಿಯುತ್ತ ಕಣ್ಣು ತೇವ ಮಾಡಿಕೊಂಡರು.

"ನಿಮ್ಮತ್ತಿ ಕೈಗುಣಾನೇ ಬ್ಯಾರೆ ಇತ್ತು ತಂಗಿ. ಗಂಜಿಗಿ ತೊಗರಿ ತಂದಾಗೆಲ್ಲ ಇಲ್ಲೇ ಉಂಡೀನಿ."

"ಕಾಕಾ, ಅಂಗಡಿ ತೆಗದು ಇನ್ನಾ ತಿಂಗಳಾಗಿಲ್ರಿ. ನಮ್ಮತ್ತಿ ಸಾಲ್ಯಾಗ ಟೀಚರ್ ಇದ್ರು. ರೊಟ್ಟಿ ಬಡಿಲಾಕೇ ಬರ್ತಿದ್ದಿಲ್ಲ ಅವರಿಗಿ."

"ಸೊಸಿ ಆದವರು ಹಿಂಗೇ ಅಂತಾರ ಬಿಡು. ಬೋರ್ಡ್ ಕಾಣ್ಸಲ್ಲೇನು ನಮಗ?"

ಅವಳು ನನ್ನತ್ತ ತಿರುಗಿದಳು. "ನೀವರ ಖರೇ ಹೇಳ್ರಿ."

ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಒಲೆಯ ಹೊಗೆ, ಅದರ ಹಿಂದೆ ಸೆರಗು ಸಿಕ್ಕಿಸಿ ಕುಳಿತ ಅವ್ವ, ಅವಳ ಕೈಯಲ್ಲಿ ತಿರುಗುವ ರೊಟ್ಟಿ, ಎಲ್ಲವೂ ಸ್ಪಷ್ಟವಾಗಿ ಕಂಡವು. ಮೈಲೂರಿನ ನಮ್ಮ ಮನೆಯಲ್ಲಿ ಅವ್ವ ಬ್ರೆಡ್ಡಿಗೆ ಜಾಮು ಸವರಿ ಸಾಲೆಗೆ ಓಡುತ್ತಿದ್ದವಳು ಎಂಬುದು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ.

"ಆಗಾಗ ಮಾಡ್ತಿದ್ಳು," ಎಂದೆ.

ಮುದುಕರು ತೃಪ್ತಿಯಿಂದ ತಲೆಯಾಡಿಸಿದರು. ಸುನಂದಾ ಹೊರಗೆ ಹೋಗಿ ಬೋರ್ಡನ್ನು ಒಮ್ಮೆ ನೋಡಿ ಬಂದಳು.

ಮರುದಿನ ಬಾಗಿಲ ಮೇಲೆ ಹೊಸ ಫ್ಲೆಕ್ಸ್ ಇತ್ತು. ಗುಲಾಬಿ ಬಣ್ಣ, ಗುಂಡು ಗುಂಡು ಅಕ್ಷರ, ಮಧ್ಯದಲ್ಲಿ ಸುನಂದಾಳ ದೊಡ್ಡ ಫೋಟೋ, ಸುತ್ತ ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಸಣ್ಣ ಫೋಟೋಗಳು. ಮೂಲೆಯಲ್ಲಿ ಜೋಳ ಬೀಸಿಕೊಡುವ ಗಿರಣಿಯವನೂ ನಗುತ್ತಿದ್ದ. ಎರಡು ಸಲ ಹುಡುಕಿ, ನನ್ನ ಫೋಟೋ ಯಾಕಿಲ್ಲವೆಂದು ಮೆಲ್ಲಗೆ ಕೇಳಿದೆ.

"ನೀವು ಹಳಿ ಅಂಗಡಿಯವರಲ್ಲೇನ್ರಿ," ಎಂದಳು.